ಸುಗಟೂರಿನ ಹನ್ನೊಂದು ಎದೆಗಳು

ಸುಗಟೂರಿನ ನಲವತ್ತು ಎದೆಗಳಲ್ಲಿ ಹನ್ನೊಂದು ಸುಗಟೂರಿನವಲ್ಲ ಎಂದು ಡಾಕ್ಟರು ತೀರ್ಮಾನ ಕೊಟ್ಟದ್ದು ಒಂದು ಮಂಗಳವಾರ ಬೆಳಿಗ್ಗೆ, ಕಾಫಿಗೂ ಮೊದಲು. ಎಕ್ಸ್‌ರೇ ಫಿಲಂಗಳನ್ನು ಒಂದೊಂದಾಗಿ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದರು, ನೋಡಿದರು, ತೆಗೆದರು, ಮೇಜಿನ ಮೇಲೆ ಎರಡು ಗುಡ್ಡೆ ಮಾಡಿದರು. ಚಿಕ್ಕ ಗುಡ್ಡೆಯ ಮೇಲೆ ಅಂಗೈಯಿಟ್ಟು, "ಕೋದಂಡರಾಮಪ್ಪನವರೇ, ಇವು ಗಣಿಯವರ ಎದೆಗಳು. ಹಳ್ಳಿಯವರ ಲಕೋಟೆಯೊಳಗೆ ಹೇಗೆ ಬಂದವು?" ಎಂದು ಕೇಳಿದರು.

ಲಕೋಟೆಗಳ ಮೇಲೆ ಹೆಸರು ಬರೆಯುವವನು ಕೋದಂಡರಾಮಪ್ಪನೇ. ಫಿಲಂ ತೊಳೆಯುವಾಗ ಪಕ್ಕದಲ್ಲಿ ನಿಲ್ಲುವವನೂ ಅವನೇ. ಆದ್ದರಿಂದ ಆ ಪ್ರಶ್ನೆ ಪ್ರಶ್ನೆಯಾಗಿರಲಿಲ್ಲ.

ಅದು ನಲವತ್ತಮೂರನೆಯ ಇಸವಿ. ಕೋಲಾರದ ಪೇಟೆಯ ಹಿಂದಿನ ಹಳೆಯ ಬಂಗಲೆಯೊಂದರಲ್ಲಿ ಈ ಕಚೇರಿ ನಡೆಯುತ್ತಿತ್ತು. ಬಾಗಿಲಿಗೆ ತಗುಲಿಸಿದ ಇಂಗ್ಲಿಷ್ ಬೋರ್ಡನ್ನು ಓದಿ ಮುಗಿಸುವಷ್ಟು ಉಸಿರು ಯಾರಿಗೂ ಇರಲಿಲ್ಲ. ಊರವರು ಅದನ್ನು ಧೂಳಾಫೀಸು ಎಂದು ಕರೆದು ಕೈತೊಳೆದುಕೊಂಡಿದ್ದರು. ಗಣಿಯ ಕಲ್ಲಿನ ಧೂಳು ಮನುಷ್ಯನ ಶ್ವಾಸಕೋಶಕ್ಕೆ ಏನು ಮಾಡುತ್ತದೆ ಎಂದು ಕಂಡುಹಿಡಿಯುವುದು ಅಲ್ಲಿಯ ಕೆಲಸ. ಹಿಂದಿನ ಕೋಣೆಯಲ್ಲಿ ಎರಡು ಗಾಜಿನ ಪೆಟ್ಟಿಗೆಗಳಿದ್ದವು. ಒಂದರಲ್ಲಿದ್ದ ಗಿನಿಹಂದಿಗಳಿಗೆ ದಿನಕ್ಕೆ ನಾಲ್ಕು ಗಂಟೆ ಧೂಳಿನ ಗಾಳಿ, ಇನ್ನೊಂದರಲ್ಲಿದ್ದವಕ್ಕೆ ಬರೀ ಗಾಳಿ. ಗಾಳಿಯ ಚಕ್ರ ತಿರುಗಿಸುವುದೂ ಕೋದಂಡರಾಮಪ್ಪನ ಪಾಲಿಗೇ ಬಂದಿತ್ತು. "ಬೀಸಿ ಬೀಸಿ ಬಿ.ಎಸ್ಸಿ. ಆದೆಯಲ್ಲೋ," ಎಂದು ಅಟೆಂಡರ್ ಮುನಿಕೃಷ್ಣಪ್ಪ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ.

ಜನರದ್ದು ಎರಡು ಪಟ್ಟಿ. ಮೊದಲನೆಯದು ಗಣಿಯ ಸುರಂಗದಲ್ಲಿ ಹತ್ತಿಪ್ಪತ್ತು ವರ್ಷ ಬಂಡೆ ಕೊರೆದು, ದಮ್ಮು ಕಟ್ಟಿ ಊರಿಗೆ ಮರಳಿದವರದ್ದು. ಅವರನ್ನು ಹುಡುಕಿಕೊಂಡು ಕೋದಂಡರಾಮಪ್ಪ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳನ್ನೆಲ್ಲ ಸುತ್ತಿದ್ದ. ಎರಡನೆಯದು ಗಣಿಯ ಮುಖವನ್ನೇ ನೋಡದವರದ್ದು, ಹೊಲದ ಗಾಳಿ ಕುಡಿದು ಬೆಳೆದವರದ್ದು. ಹೋಲಿಸಿ ನೋಡಲು ಬೇಕಾದ ಇವರನ್ನು ಡಾಕ್ಟರು ತಮ್ಮ ಶಾಸ್ತ್ರದ ಭಾಷೆಯಲ್ಲಿ 'ಕಂಟ್ರೋಲ್' ಎನ್ನುತ್ತಿದ್ದರು. ಯುದ್ಧದ ಕಾಲ, ಊರವರಿಗೆ ಕಂಟ್ರೋಲ್ ಎಂದರೆ ರೇಷನ್ ಅಂಗಡಿ; ಸುದ್ದಿ ಸುಗಟೂರಿಗೆ ಮುಟ್ಟಿದ ದಿನ ಅರ್ಧ ಊರು ಸೀಮೆಎಣ್ಣೆ ಡಬ್ಬಿ ಹಿಡಿದುಕೊಂಡು ಬಂದು ಸಾಲು ನಿಂತಿತ್ತು. ಎಣ್ಣೆಯಿಲ್ಲ, ಫೋಟೋ ಹಿಡಿಯುತ್ತಾರೆ ಎಂದು ತಿಳಿದಾಗ ಗಂಡಸರು ಮೆಲ್ಲನೆ ಜಾರಿಕೊಂಡರು. ಫೋಟೋ ಎಂದ ಮೇಲೆ ಹೆಂಗಸರು ಉಳಿದುಕೊಂಡರು.

"ನೀವೇ ಯೋಚನೆ ಮಾಡಿ," ಎಂದರು ಡಾಕ್ಟರು. ಬೆಂಗಳೂರಿನ ಕಡೆಯ ಮೃದು ಮಾತು, ಪ್ರತಿ ವಾಕ್ಯದ ಕೊನೆಗೂ ಕನ್ನಡಕ ಮೇಲಕ್ಕೇರಿಸುವ ಅಭ್ಯಾಸ. "ಗಣಿ ಕಂಪನಿಯ ವಕೀಲ ಏನು ಹೇಳಲು ಕಾದು ಕೂತಿದ್ದಾನೆ? ಈ ಸೀಮೆಯವರ ಎದೆಯೇ ಹೀಗೆ, ನಮ್ಮ ಧೂಳಿನದೇನೂ ತಪ್ಪಿಲ್ಲ ಅಂತ. ನಲವತ್ತರಲ್ಲಿ ಹನ್ನೊಂದು ಹಳ್ಳಿ ಹೆಂಗಸರಿಗೆ ಇದೇ ರೋಗ ಇದೆ ಅಂದರೆ ಅಲ್ಲಿಗೆ ಅವನ ಕೆಲಸವನ್ನ ನಾವೇ ಮಾಡಿಕೊಟ್ಟ ಹಾಗಾಯಿತು. ಒಬ್ಬ ಕೂಲಿಗೂ ಪರಿಹಾರ ಸಿಗೋದಿಲ್ಲ. ಫಿಲಂ ಬೆರಕೆಯಾಗಿದೆ ಅಂತ ಒಂದು ಚೀಟಿ ಬರೆದು ಸಹಿ ಮಾಡಿ. ತಪ್ಪು ಯಾರಿಂದ ಆಗೋದಿಲ್ಲ? ಹೋಳೂರಿನಿಂದ ಬೇರೆ ಹನ್ನೊಂದು ಜನರನ್ನ ಕರೆತನ್ನಿ. ಶನಿವಾರಕ್ಕೆ ಎರಡೂ ನನ್ನ ಮೇಜಿನ ಮೇಲಿರಲಿ."

"ಆಗಲಿ ಸರ್," ಎಂದ ಕೋದಂಡರಾಮಪ್ಪ.

ಡಾಕ್ಟರು ಕಾಫಿಗೆ ಹೋದ ಮೇಲೆ ಅವನು ಆ ಹನ್ನೊಂದನ್ನೂ ಮತ್ತೆ ಬೆಳಕಿಗೆ ಹಿಡಿದ. ಪಕ್ಕೆಲುಬುಗಳ ನಡುವೆ ಸಬ್ಬಕ್ಕಿ ಚೆಲ್ಲಿದ ಹಾಗೆ ಬಿಳಿ ಕಾಳುಗಳು. ಗಣಿಯವರ ಎದೆಯೇ. ಡಾಕ್ಟರ ಮಾತಿನಲ್ಲಿ ಸಂಶಯಪಡುವಂಥದ್ದು ಏನೂ ಇರಲಿಲ್ಲ. ಏಳನೆಯ ಫಿಲಂ ಎತ್ತಿದಾಗ ಎಡಗಡೆಯ ಕೊರಳೆಲುಬು ನಡುವೆ ಮುರಿದು, ಸೊಟ್ಟಗೆ ಕೂಡಿಕೊಂಡಿರುವುದು ಕಂಡಿತು. ಹುಣಿಸೆಮರದಿಂದ ಬಿದ್ದು ಮುರಿದ ಎಲುಬು ಅದು. ಮರ ಯಾವುದು, ಎಂದು ಬಿದ್ದದ್ದು, ಯಾರಿಗೆ ಹುಣಿಸೆಕಾಯಿ ಬೇಕೆಂದು ಹತ್ತಿದ್ದು ಎಲ್ಲವೂ ಅವನಿಗೆ ಗೊತ್ತಿತ್ತು. ಹುಣಿಸೆಕಾಯಿ ಬೇಕಾಗಿದ್ದದ್ದು ಅವನಿಗೆ. ಬಿದ್ದವಳು ಅವನ ಅಕ್ಕ ಮುನಿಯಲ್ಲಮ್ಮ.

ಫಿಲಂ ಬೆರಕೆಯಾಗಿರಲಿಲ್ಲ.

ಏನಾದರೂ ಅನ್ನಿಸಬೇಕಿತ್ತು ಎಂದು ಅವನಿಗೇ ತೋರಿತು. ಕೈ ಮಾತ್ರ ಏಳನೆಯದನ್ನು ಆರು ಮತ್ತು ಎಂಟರ ನಡುವೆ ನೀಟಾಗಿ ಸೇರಿಸಿ, ಅಂಚುಗಳನ್ನು ಸಮ ಮಾಡಿ ಇಟ್ಟಿತು.

ಮಧ್ಯಾಹ್ನ ಚಕ್ರ ತಿರುಗಿಸುತ್ತ ಕುಳಿತಿದ್ದಾಗ ಮುನಿಕೃಷ್ಣಪ್ಪ ಬಂದ. ಕೋದಂಡರಾಮಪ್ಪನಿಗೆ ಯಾರ ದನಿಯನ್ನಾದರೂ ಎತ್ತಿಕೊಂಡುಬರುವ ವಿದ್ಯೆಯಿತ್ತು. ಡಾಕ್ಟರು, ಇದ್ದಿಲು ಬಸ್ಸಿನ ಕಂಡಕ್ಟರು, ಅಮಲ್ದಾರರು, ಅಮಲ್ದಾರರ ಹೆಂಡತಿ, ಆ ಇಬ್ಬರೂ ಒಟ್ಟಿಗೆ ಮಾತಾಡುವುದು, ಯಾವುದೂ ಅವನಿಗೆ ಕಷ್ಟವಾಗುತ್ತಿರಲಿಲ್ಲ. ಇತ್ತೀಚೆಗೆ ಅವನು ಕೆಮ್ಮುಗಳಿಗೆ ಇಳಿದಿದ್ದ. ಮೊದಲ ಪಟ್ಟಿಯ ಒಬ್ಬೊಬ್ಬನ ಕೆಮ್ಮೂ ಬೇರೆಯೇ. ಕಣ್ಣು ಮುಚ್ಚಿ ಕೇಳಿದರೆ ಮುನಿಕೃಷ್ಣಪ್ಪ ಹೆಸರು ಹೇಳಿಬಿಡುತ್ತಿದ್ದ.

"ಲೇ ಕೋದಂಡ, ಯಾಕ್ಲಾ ಮುಖ ಹಿಂಗೆ? ಮುಳಬಾಗಿಲು ಪೆದ್ದಪ್ಪನ್ದು ಒಂದ್ಸಲ ಮಾಡು, ನಿದ್ದೆ ಹೋಗ್ಲಿ."

ಪೆದ್ದಪ್ಪ ಗಣಿಯಲ್ಲಿ ಹದಿನೆಂಟು ವರ್ಷ ಕೊರೆದವನು, ಮೊದಲ ಪಟ್ಟಿಯ ಮೂರನೆಯವನು. ಕೋದಂಡರಾಮಪ್ಪ ಪೆದ್ದಪ್ಪನ ಕೆಮ್ಮು ಕೆಮ್ಮಿದ: ಒಣಗಿದ ಎರಡು ಸಣ್ಣ ಗುಟುಕು, ಆಮೇಲೆ ಹಗ್ಗ ಎಳೆದ ಹಾಗೆ ಒಂದು ಉದ್ದ ಉಸಿರು, ಕೊನೆಗೆ ಏನೂ ಬಾರದೆ ಬಾಯಿ ಒರೆಸಿಕೊಳ್ಳುವುದು. ಮುನಿಕೃಷ್ಣಪ್ಪ ತೊಡೆ ತಟ್ಟಿಕೊಂಡು ನಕ್ಕ. "ಇನ್ನೊಬ್ಬರ್ದು."

ಕೋದಂಡರಾಮಪ್ಪ ಚಕ್ರ ನಿಲ್ಲಿಸಿದ. ಬಳಿಕ ಊರಿಗೆ ಹೋದಾಗ ಮನೆಯಲ್ಲಿ ಬೆಳಗಿನ ಜಾವ ಕೇಳಿಸುವ ಕೆಮ್ಮೊಂದನ್ನು ನೆನೆದು ಕೆಮ್ಮಿದ.

"ಥೂ, ಅದೇ ತಾನೇ," ಎಂದ ಮುನಿಕೃಷ್ಣಪ್ಪ. "ಪೆದ್ದಪ್ಪನ್ದೇ ಎರಡ್ಸಲ ಮಾಡಿದ್ಯಲ್ಲ. ಸರಕು ಮುಗೀತಾ?"

"ಮುಗೀತು ಕಣೋ," ಎಂದು ಕೋದಂಡರಾಮಪ್ಪ ಚಕ್ರ ತಿರುಗಿಸಿದ.

ಮರುದಿನ ಹೋಳೂರಿಗೆಂದು ಹೇಳಿ ಹೊರಟವನು ಸುಗಟೂರಿನ ಬಸ್ಸು ಹತ್ತಿದ. ಪೆಟ್ರೋಲಿಲ್ಲದ ಕಾಲದ ಬಸ್ಸು. ಹಿಂದೆ ಇದ್ದಿಲ ಒಲೆ ಹೊತ್ತುಕೊಂಡು, ಹೊಗೆಯನ್ನು ಒಳಗಿದ್ದವರಿಗೇ ಸಮನಾಗಿ ಹಂಚುತ್ತ, ಏರು ಬಂದಾಗಲೆಲ್ಲ ಎಲ್ಲರನ್ನೂ ಇಳಿಸಿ ತಳ್ಳಿಸಿಕೊಂಡು ಹೋಗುತ್ತಿತ್ತು. ಅವನೂ ಇಳಿದು ತಳ್ಳಿದ. ತಳ್ಳುವಾಗ ಕಂಡಕ್ಟರನ ದನಿ ಬಾಯಿಗೆ ಬಂದಿತು. ಹೊರಗೆ ಬಿಡಲಿಲ್ಲ.

ಅಕ್ಕನ ಬೀದಿಗೆ ತಿರುಗುವ ಮೊದಲೇ ಒನಕೆಯ ಸದ್ದು ಕೇಳಿಸಿತು. ನಾಲ್ಕು ಒರಳು, ಎಂಟು ಕೈ. ಗಣಿಯವರು ಬೇಡವೆಂದು ಹೊರಗೆ ಸುರಿದ ಬೆಣಚುಕಲ್ಲು ಗಾಡಿಯಲ್ಲಿ ಬಂದು ಬೀಳುತ್ತಿತ್ತು. ಬೆಳ್ಳಗೆ, ಸಕ್ಕರೆಗಟ್ಟಿಯ ಹಾಗೆ. ಅದನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ತಣ್ಣೀರಿಗೆ ಹಾಕಿದರೆ ಬಿರಿಯುತ್ತದೆ. ಬಿರಿದದ್ದನ್ನು ಒರಳಿಗೆ ಸುರಿದು, ಕಬ್ಬಿಣದ ಬಳೆ ತೊಡಿಸಿದ ಒನಕೆಯಿಂದ ಕುಟ್ಟಿ, ಹಳೆಯ ಸೀರೆಯ ತುಂಡಿನಲ್ಲಿ ಸೋಸಿದರೆ ರಂಗೋಲಿ ಪುಡಿ. ಸುಗಟೂರಿನ ಆ ಬೀದಿಯ ಪುಡಿ ಎಂದರೆ ಕೋಲಾರದಿಂದ ಮಾಲೂರಿನ ಸಂತೆಯವರೆಗೂ ಹೆಸರು. ಬೆರಳಿನಿಂದ ಎಳೆದರೆ ಎಳೆ ಕಡಿಯುವುದಿಲ್ಲ ಎನ್ನುತ್ತಿದ್ದರು. ಕೋದಂಡರಾಮಪ್ಪ ಈ ಪುಡಿಯ ದುಡ್ಡಿನ ಮೇಲೆಯೇ ಬೆಂಗಳೂರಿಗೆ ಹೋಗಿ ಓದಿ ಬಂದಿದ್ದ. ಮುನಿಯಲ್ಲಮ್ಮ ಹತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡವಳು; ತನ್ನ ಬಾಗಿಲಿಗೆ ತಾನು ರಂಗೋಲಿ ಹಾಕುತ್ತಿರಲಿಲ್ಲ, ಊರ ಬಾಗಿಲುಗಳಿಗೆಲ್ಲ ಪುಡಿ ಕುಟ್ಟುತ್ತಿದ್ದಳು.

ಅವಳು ತಲೆಯಿಂದ ಕಾಲವರೆಗೆ ಬಿಳಿಯಾಗಿದ್ದಳು. ಹುಬ್ಬು ಕೂಡ.

"ಏನ್ಲಾ ಕೋದಂಡ, ವಾರದ ಮಧ್ಯದಲ್ಲಿ? ಧೂಳಾಫೀಸಿಗೆ ಬೀಗ ಬಿತ್ತಾ?"

"ಇಲ್ಲಕ್ಕ. ಕೆಲಸದ ಮೇಲೇ ಬಂದೆ."

"ನಿನ್ನ ಕೆಲಸ ಅಂದ್ರೆ ಕಂಡೋರ ಎದೆ ಇಣುಕಿ ನೋಡೋದು. ಮರ್ಯಾದಸ್ಥರ ಮನೇಲಿ ಹುಟ್ಟಿ ನಿಂಗ್ಯಾಕಪ್ಪಾ ಈ ಕಸುಬು."

ಪಕ್ಕದ ಒರಳಿನ ಮುತ್ಯಾಲಮ್ಮ ನಗಲು ಹೋಗಿ ಕೆಮ್ಮಿದಳು. ಎರಡು ಸಣ್ಣ ಗುಟುಕು, ಒಂದು ಉದ್ದ ಎಳೆತ. ಅವಳ ಫಿಲಂ ನಾಲ್ಕನೆಯದು.

ಕೋದಂಡರಾಮಪ್ಪ ಒರಳಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತ. "ಅಕ್ಕ, ಅವತ್ತು ಫಾರಂ ಬರೆಸಿಕೊಳ್ಳುವಾಗ ಧೂಳಿನ ಕೆಲಸ ಏನಾದ್ರೂ ಮಾಡ್ತೀಯಾ ಅಂತ ಕೇಳಿದ್ದೆ."

"ಕೇಳಿದ್ದೆ."

"ಇಲ್ಲ ಅಂದೆ."

"ಇಲ್ಲ ಅಂದ್ರೆ ಇಲ್ಲ. ನಾನೇನು ಗಣಿಗೆ ಇಳಿದಿದ್ನಾ?"

"ಮತ್ತೆ ಇದು?"

ಮುನಿಯಲ್ಲಮ್ಮ ಒರಳಿನೊಳಗೆ ನೋಡಿದಳು, ಆಮೇಲೆ ಅವನ ಮುಖ ನೋಡಿದಳು. "ಇದು ರಂಗೋಲಿ ಕಣೋ. ಲಕ್ಷ್ಮಿ ಬರೋ ಜಾಗಕ್ಕೆ ಹಾಕೋದು. ಇದನ್ನ ಧೂಳು ಅಂತಾರೇನೋ? ಬಾಯಿ ತೊಳ್ಕೊಂಡು ಬಾ ಹೋಗು."

"ಧೂಳು ಅಂದ್ರೆ ಪೊರಕೇಲಿ ಗುಡಿಸೋದು," ಎಂದು ಮುತ್ಯಾಲಮ್ಮ ತಿಳಿಹೇಳಿದಳು. "ಇದು ಪುಡಿ."

ಅವನು ಅವರನ್ನು ದೂರುವಂತಿರಲಿಲ್ಲ. ನಲವತ್ತು ಫಾರಂಗಳಲ್ಲಿ 'ಕಸುಬು' ಎಂಬ ಕಡೆ 'ಮನೆಗೆಲಸ', 'ಧೂಳು' ಎಂಬ ಕಡೆ 'ಇಲ್ಲ' ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದವನು ತಾನೇ. ಹುಟ್ಟಿದಾಗಿನಿಂದ ಈ ಬಿಳುಪಿನಲ್ಲೇ ಆಡಿ, ಇದರ ಮೇಲೆಯೇ ವಿಜ್ಞಾನ ಓದಿ, ದಿನಕ್ಕೆ ನಾಲ್ಕು ಗಂಟೆ ಗಿನಿಹಂದಿಗಳಿಗೆ ಕಲ್ಲಿನ ಪುಡಿ ಊದುತ್ತಿದ್ದವನಿಗೂ ಅದು ಧೂಳೆಂದು ಹೊಳೆದಿರಲಿಲ್ಲ.

ಮುತ್ಯಾಲಮ್ಮ ನೀರಿಗೆ ಹೋದಾಗ ಅವನು ಅಕ್ಕನಿಗೆ ಎಲ್ಲವನ್ನೂ ಹೇಳಿದ. ಹೇಳುವಾಗ ದನಿ ಡಾಕ್ಟರದ್ದಾಗಿಬಿಟ್ಟಿತ್ತು. ಅದು ಅವನಿಗೆ ಅರ್ಧದಲ್ಲಿ ಗೊತ್ತಾಯಿತು, ಬದಲಾಯಿಸಿಕೊಳ್ಳಲು ಹೋಗಲಿಲ್ಲ. ಆ ದನಿಯಲ್ಲಾದರೆ ಹೇಳಬಹುದಾಗಿತ್ತು. ಕಲ್ಲಿನ ಕಣ ಎದೆಯೊಳಗೆ ಕೂತರೆ ಹೊರಗೆ ಬಾರದು, ಸುತ್ತಲ ಮಾಂಸ ಗಂಟಾಗುತ್ತದೆ, ಗಂಟಾದ ಕಡೆ ಗಾಳಿ ಹೋಗದು.

ಮುನಿಯಲ್ಲಮ್ಮ ಒನಕೆಯನ್ನು ಗೋಡೆಗೆ ಒರಗಿಸಿದಳು. "ನಮ್ಮ ಬೀದೀಗೆ ಉಬ್ಬಸ ಇದ್ದದ್ದೇ. ನಮ್ಮತ್ತೆಗೂ ಇತ್ತು. ಬಾವಿ ನೀರು ಸರಿಯಿಲ್ಲ ಅಂದ್ಕೊಂಡಿದ್ವಿ." ಕೈಯನ್ನು ಸೆರಗಿಗೆ ಒರೆಸಿಕೊಂಡು, "ಔಷಧಿ?" ಎಂದಳು.

"ಇಲ್ಲ."

"ಗಣಿಯೋರ್ಗೆ?"

"ಅವರಿಗೂ ಇಲ್ಲ. ಅವರಿಗೆ ಪರಿಹಾರ ಕೊಡಿಸ್ಬಹುದು, ಅಷ್ಟೆ."

"ನೀನು ಇದನ್ನ ಬರೆದ್ರೆ ಏನಾಗುತ್ತೆ?"

"ನಿನ್ನ ಫಿಲಂ ನಿನ್ನ ಹೆಸರಲ್ಲೇ ಇರುತ್ತೆ. ಕಲ್ಲು ಕುಟ್ಟಿ ಹಿಂಗಾಯ್ತು ಅಂತ ಇರುತ್ತೆ. ಆಮೇಲೆ ಸರ್ಕಾರದೋರು ಬಂದು ಕುಟ್ಟಬೇಡಿ ಅನ್ನಬಹುದು. ಅನ್ನದೇ ಇರಬಹುದು."

"ಬರೀದಿದ್ರೆ?"

"ಲಕೋಟೆ ತಪ್ಪಾಗಿ ಹಾಕ್ದೆ ಅಂತ ನಾನು ಸಹಿ ಮಾಡ್ತೀನಿ. ನಿಮ್ಮ ಹನ್ನೊಂದು ಜನದ್ದನ್ನ ಗಣಿಯೋರ್ದು ಅಂತ ಪಕ್ಕಕ್ಕೆ ಹಾಕ್ತಾರೆ."

"ಅಂದ್ರೆ ನನ್ನೆದೆ ಇನ್ಯಾರೋ ಗಂಡಸಿನ್ದು ಅಂತ ಆಗುತ್ತೆ."

"ಹೂಂ."

ಮುನಿಯಲ್ಲಮ್ಮ ನಕ್ಕಳು. ಹುಬ್ಬಿನಿಂದ ಒಂದಿಷ್ಟು ಪುಡಿ ಉದುರಿತು. "ಏಮಿರಾ," ಎಂದಳು, ಅವಳಿಗೆ ಕೋಪವೋ ಮುದ್ದೋ ಹೆಚ್ಚಾದಾಗ ತೆಲುಗು ಬರುತ್ತಿತ್ತು. "ಇಷ್ಟು ವರ್ಷ ಕುಟ್ಟಿದ್ದು ನಾನು. ಹೆಸರು ಅವನಿಗೆ ಯಾಕೆ ಹೋಗ್ಬೇಕು? ಮುತ್ಯಾಲಿಗೆ ಹೇಳ್ಬೇಡ, ಅವಳು ಹೆದರ್ತಾಳೆ. ನೀನು ಬರಿ. ಆದ್ರೆ ಶನಿವಾರ ಸಂತೆ ಇದೆ, ಇಲ್ಲಿ ಎರಡು ಮೂಟೆ ಸೋಸಬೇಕು. ಆ ತುದಿ ಹಿಡ್ಕೋ."

ಅವನು ಸೀರೆಯ ತುಂಡಿನ ಆ ತುದಿ ಹಿಡಿದ. ಅಂಗಿ ಹಾಕಿಕೊಳ್ಳುವ ವಯಸ್ಸಿನಿಂದ ಹಿಡಿಯುತ್ತ ಬಂದಿದ್ದ ತುದಿ. ಕೈಗೆ ತಾಳ ಗೊತ್ತಿತ್ತು. ಅವಳು ಆ ಕಡೆ ಎಳೆದಾಗ ಇವನು ಈ ಕಡೆ. ಪುಡಿ ಮೇಲೆದ್ದು ಬಿಸಿಲಿನಲ್ಲಿ ನಿಂತಿತು. ಕೋದಂಡರಾಮಪ್ಪ ಉಸಿರು ಕಟ್ಟಿದ. ಇಪ್ಪತ್ತು ಎಣಿಸಿದ, ಮೂವತ್ತು ಎಣಿಸಿದ. ನಲವತ್ತಕ್ಕೆ ಬಿಟ್ಟು, ಎಂದಿನಂತೆ ಉಸಿರಾಡುತ್ತ, ಎರಡು ಮೂಟೆಯನ್ನೂ ಸೋಸಿ ಮುಗಿಸಿದ.

ಶನಿವಾರ ಅವನು ಡಾಕ್ಟರ ಮೇಜಿನ ಮೇಲೆ ಹನ್ನೊಂದು ಫಾರಂಗಳನ್ನೂ ಒಂದು ಕಾಗದದ ಪೊಟ್ಟಣವನ್ನೂ ಇಟ್ಟ. ಫಾರಂಗಳಲ್ಲಿ 'ಮನೆಗೆಲಸ' ಎಂಬುದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ 'ರಂಗೋಲಿಗಾಗಿ ಬೆಣಚುಕಲ್ಲು ಕುಟ್ಟುವುದು' ಎಂದು ಬರೆದು, ಎಷ್ಟು ವರ್ಷವೆಂದು ತುಂಬಿದ್ದ. 'ಧೂಳು' ಎಂಬ ಕಡೆ 'ಇದೆ.' ಚೀಟಿ ಬರೆದಿರಲಿಲ್ಲ.

ಡಾಕ್ಟರು ಒಂದೊಂದನ್ನೇ ಓದಿದರು. ಪೊಟ್ಟಣ ಬಿಚ್ಚಿ, ಚಿಟಿಕೆ ಪುಡಿಯನ್ನು ಗಾಜಿನ ಚೂರಿನ ಮೇಲೆ ಉದುರಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟರು. ಬಹಳ ಹೊತ್ತು ತಲೆಯೆತ್ತಲಿಲ್ಲ. ಆಮೇಲೆ ಗಣಿಯ ಧೂಳಿನ ಗಾಜು ತರಿಸಿ ಅದನ್ನೂ ನೋಡಿದರು.

"ಇದು ಇನ್ನೂ ನುಣುಪು," ಎಂದರು. "ಬಟ್ಟೆಯಲ್ಲಿ ಸೋಸ್ತಾರೆ ಅಂದಿರಲ್ಲ. ಗಣಿಯದ್ದಕ್ಕಿಂತ ಕೆಟ್ಟದ್ದು." ಕನ್ನಡಕ ಮೇಲೇರಿಸಿದರು. ಅವರ ಕೆನ್ನೆಗೆ ಬಣ್ಣ ಬಂದಿತ್ತು. "ಇದನ್ನ ಈ ತನಕ ಯಾರೂ ನೋಡಿಲ್ಲ ಅಂತ ಕಾಣುತ್ತೆ ಕೋದಂಡರಾಮಪ್ಪನವರೇ. ಮೂರನೇ ಪಟ್ಟಿ ಮಾಡೋಣ. ವಕೀಲ ಏನು ಹೇಳ್ತಾನೆ ಈಗ? ಗಣಿಗೆ ಇಳಿಯದೆ, ಅದೇ ಕಲ್ಲು, ಅದೇ ರೋಗ. ನಮ್ಮ ವಾದಕ್ಕೆ ಬಲವೇ ಬಂತು." ಏಳನೆಯ ಫಿಲಂ ಎತ್ತಿ ಹಿಡಿದರು. "ಇವರು ಎಲ್ಲರಿಗಿಂತ ಮುಂದೆ ಹೋಗಿದ್ದಾರೆ. ಈ ಎಲುಬು ಮುರಿದುಕೊಂಡವರು ಯಾರು?"

"ನಮ್ಮಕ್ಕ, ಸರ್."

ಡಾಕ್ಟರು ಫಿಲಂ ಕೆಳಗಿಳಿಸಿದರು. "ಎಷ್ಟು ವರ್ಷದಿಂದ?" ಎಂದರು.

"ಇಪ್ಪತ್ತೆರಡು."

"ಈಗಲೂ?"

"ಇವತ್ತು ಬೆಳಿಗ್ಗೆಯೂ, ಸರ್."

ಡಾಕ್ಟರು ಅದನ್ನು ಬರೆದುಕೊಂಡರು. ಬರೆದ ಮೇಲೆ ಪೆನ್ನು ಕೆಳಗಿಟ್ಟು, "ಕಲ್ಲಿಗೆ ನೀರು ಹಾಕಿ ಕುಟ್ಟಲಿ. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಲಿ. ನಾನು ಹೇಳಿದೆ ಅಂತ ಹೇಳಿ," ಎಂದರು.

ಅವನು ಹೇಳಿದ. ಒದ್ದೆ ಪುಡಿಯನ್ನ ಬಟ್ಟೇಲಿ ಸೋಸೋದು ಹೆಂಗೆ ಅಂತ ನಿಮ್ಮ ಡಾಕ್ಟರನ್ನೇ ಕೇಳ್ಕೊಂಡು ಬಾ ಎಂದಳು ಮುನಿಯಲ್ಲಮ್ಮ. ಮೂಗಿಗೆ ಬಟ್ಟೆ ಕಟ್ಟಿಕೊಂಡಳು. ಎರಡು ದಿನ ಕಟ್ಟಿ, ಉಸಿರು ಸಾಲದೆ ಬಿಚ್ಚಿಟ್ಟಳು.

ಮೂರನೆಯ ಪಟ್ಟಿಯನ್ನು ಕೋದಂಡರಾಮಪ್ಪನೇ ಬರೆದ. ಮೊದಲ ಹೆಸರು ಅಕ್ಕನದು. ಎರಡು ಪ್ರತಿ ತೆಗೆದು, ಒಂದನ್ನು ಬೆಂಗಳೂರಿಗೆ ಕಳಿಸುವ ಕಟ್ಟಿಗೆ ಸೇರಿಸಿದ. ಎರಡನೆಯ ಪಟ್ಟಿಯಲ್ಲಿ ಹನ್ನೊಂದು ಜಾಗ ಖಾಲಿ ಉಳಿದಿದ್ದವು.

ಆ ಖಾಲಿ ಜಾಗಗಳನ್ನು ತುಂಬಲು ಮುಂದಿನ ವಾರ ಅವನು ಹೋಳೂರಿಗೆ ಹೋದ. ಈ ಸಲ ಫಾರಂ ಬೇರೆ ಇತ್ತು. ಧೂಳು ಎಂಬ ಮಾತನ್ನು ತೆಗೆದು, 'ಮನೆಯಲ್ಲಿ ಏನೇನು ಕುಟ್ಟುತ್ತೀರಿ, ಬೀಸುತ್ತೀರಿ' ಎಂದು ಅವನೇ ಬರೆದಿದ್ದ. ಊರ ನಡುವಿನ ಅರಳಿಕಟ್ಟೆಯ ಮೇಲೆ ಕುಳಿತು ಒಬ್ಬೊಬ್ಬರನ್ನೇ ಕೇಳಿದ. ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸಿ ಬಂದ ಚಿಕ್ಕಗಂಗಮ್ಮ ಎಂಬಾಕೆ ಬೆರಳು ಮಡಚಿ ಮಡಚಿ ಹೇಳಿದಳು. ರಾಗಿ ಬೀಸ್ತೀನಿ. ಹುರುಳಿ ಒಡೀತೀನಿ. ಮೆಣಸಿನಕಾಯಿ ಕುಟ್ತೀನಿ, ಆಗ ಮಾತ್ರ ಕೆಮ್ಮು ಬರುತ್ತೆ, ಎಲ್ರಿಗೂ ಬರುತ್ತೆ.

"ಕಲ್ಲು?" ಎಂದ ಕೋದಂಡರಾಮಪ್ಪ.

"ಕಲ್ಲಾ? ಕಲ್ಲು ಯಾಕಪ್ಪಾ ಕುಟ್ಟೋಣ?"

"ರಂಗೋಲಿಗೆ."

"ಓ, ಅದಾ. ಅದು ಸುಗಟೂರಿಂದ ಬರುತ್ತಲ್ಲ. ಒಬ್ಬಮ್ಮ ತಲೆ ಮೇಲೆ ಹೊತ್ಕೊಂಡು ತರ್ತಾಳೆ. ಒಳ್ಳೇ ಪುಡಿ."

"ಈ ವಾರ ಬಂದಿದ್ಳಾ?"

"ನಿನ್ನೆ ಬಂದಿದ್ಳು. ಇಲ್ಲೇ ಕಟ್ಟೆ ಮೇಲೆ ಕೂತು ಬಲೇ ದಮ್ಮು ಕಟ್ಕೊಂಡ್ಳು ಪಾಪ. ನೀರು ಕೊಟ್ವಿ. ಅವಳಿಗೆ ಒಬ್ಬ ತಮ್ಮ ಇದ್ದಾನಂತೆ, ಕೋಲಾರದಲ್ಲಿ ಆಫೀಸರಂತೆ. ನಿಂಗೆ ಗೊತ್ತಾ?"

"ಗೊತ್ತು," ಎಂದು ಕೋದಂಡರಾಮಪ್ಪ ತಲೆ ಬಗ್ಗಿಸಿ, ಕಲ್ಲು ಎಂಬುದರ ಮುಂದೆ 'ಇಲ್ಲ' ಎಂದು ಬರೆದು, ಮುಂದಿನವರನ್ನು ಕರೆದ.